ಒಂದೇ ತಂತಿ, ಎರಡು ಚಿಪ್: ಮಾತು ಕೆಟ್ಟರೆ ಎಲ್ಲಿಂದ ಹುಡುಕಬೇಕು

ನಮ್ಮ ಮನೆಯ ಟೆರೇಸ್ ಮೇಲೆ ನೀರಿನ ಟ್ಯಾಂಕ್. ಕೆಳಗೆ ಸಂಪ್, ಅದರ ಪಕ್ಕ ಮೋಟರ್. ಟ್ಯಾಂಕ್ ತುಂಬಿದರೆ ಮೋಟರ್ ತಾನಾಗಿ ನಿಲ್ಲಬೇಕು, ಖಾಲಿಯಾದರೆ ತಾನಾಗಿ ಶುರುವಾಗಬೇಕು. ಅದಕ್ಕಾಗಿ ಮೇಲೆ ಎಟಿಟೈನಿ 85 ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್, ಕೆಳಗೆ ಆರ್ಡುಯಿನೊ ಯುನೊ ಅನ್ನುವ ಮೈಕ್ರೋಕಂಟ್ರೋಲರ್ ಬೋರ್ಡ್ ಹಾಕಿದೆ. ಎರಡೂ ನಾವು ಬರೆದ ಪ್ರೋಗ್ರಾಮ್ ಓಡಿಸುತ್ತವೆ. ಎರಡರ ನಡುವೆ ಸುಮಾರು 15 ಮೀಟರ್ ಉದ್ದದ, ಮೂರು ಎಳೆಯ ಕೇಬಲ್. ಒಂದು ಎಳೆಯಲ್ಲಿ 5 ವೋಲ್ಟ್ ಮೇಲೆ ಹೋಗುತ್ತದೆ. ಒಂದು ಎಳೆ ಗ್ರೌಂಡ್. ಉಳಿದ ಒಂದೇ ಎಳೆಯಲ್ಲಿ ಪ್ರಶ್ನೆಯೂ ಹೋಗಬೇಕು, ಉತ್ತರವೂ ಬರಬೇಕು.

ಒಂದೇ ತಂತಿ ಯಾಕೆ ಅಂತ ಕೇಳಬಹುದು. ಎಟಿಟೈನಿ 85ಕ್ಕೆ ಇರುವುದೇ 8 ಪಿನ್. ಕರೆಂಟಿಗೆ ಒಂದು, ಗ್ರೌಂಡಿಗೆ ಒಂದು, ರೀಸೆಟ್‌ಗೆ ಒಂದು ಹೋದರೆ ಉಳಿಯುವುದು 5. ಅದರಲ್ಲಿ 4 ಪಿನ್ ನೀರಿನ ಮಟ್ಟ ತಿಳಿಸುವ ನಾಲ್ಕು ಫ್ಲೋಟ್ ಸ್ವಿಚ್‌ಗಳಿಗೆ ಬೇಕು. ಕಳಿಸುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಸೇರಿ ಒಂದೇ ಪಿನ್ ಬಾಕಿ. ಕೇಬಲ್‌ನಲ್ಲೂ ಒಂದೇ ಎಳೆ ಬಾಕಿ. ಲೆಕ್ಕ ಸರಿಹೋಯಿತು.

ಯುನೊ ಎರಡು ಸೆಕೆಂಡಿಗೊಮ್ಮೆ ಒಂದು ಅಕ್ಷರ ಕಳಿಸಿ ‘ನೀರು ಎಷ್ಟಿದೆ?’ ಅಂತ ಕೇಳುತ್ತದೆ. ಎಟಿಟೈನಿ 0ಯಿಂದ 4ರವರೆಗಿನ ಒಂದು ಅಂಕೆ ವಾಪಸ್ ಕಳಿಸುತ್ತದೆ. ವೇಗ 9600 ಬಾಡ್, ಅಂದರೆ ಸೆಕೆಂಡಿಗೆ 9600 ಬಿಟ್. ಮೇಜಿನ ಮೇಲೆ ಒಂದು ಗೇಣು ಜಂಪರ್ ತಂತಿಯಲ್ಲಿ ದಿನವಿಡೀ ಸರಿಯಾಗಿ ನಡೆಯಿತು. ಟೆರೇಸ್‌ಗೆ ಒಯ್ದು ಕೇಬಲ್ ಕಟ್ಟಿದ ಮೇಲೆ ಲ್ಯಾಪ್‌ಟಾಪ್ ಪರದೆಯಲ್ಲಿ ಅಂಕೆಗಳೇ ಇಲ್ಲ. ಸಾಲು ಖಾಲಿ. ಟ್ಯಾಂಕ್ ಮುಕ್ಕಾಲು ತುಂಬಿದ್ದಾಗ ಮಾತ್ರ ಒಂದು ಉದ್ಧರಣ ಚಿಹ್ನೆ ಬರುತ್ತಿತ್ತು.

ಎರಡು ದಿನ ಪ್ರೋಗ್ರಾಮ್ ತಿದ್ದಿದೆ. ಲೈಬ್ರರಿ (ಸಿದ್ಧ ಕೋಡ್) ಬದಲಿಸಿದೆ, ಕಾಯುವ ಸಮಯ ಬದಲಿಸಿದೆ. ತಪ್ಪು ಅಲ್ಲಿ ಇರಲೇ ಇಲ್ಲ. ಇದ್ದದ್ದು ತಂತಿಯ ಮೇಲಿನ ವೋಲ್ಟೇಜಿನಲ್ಲಿ. ಅದಕ್ಕೇ ಈ ಬರಹದಲ್ಲಿ ಪ್ರೋಗ್ರಾಮ್ ಕೊನೆಗೆ ಬರುತ್ತದೆ. ಒಂದೇ ತಂತಿಯ ಸಂಪರ್ಕ ಕೆಟ್ಟಾಗ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಮುಕ್ಕಾಲು ಪಾಲು ದೋಷಗಳನ್ನು ಮೀಟರಿನಲ್ಲೇ ಹಿಡಿಯಬಹುದು.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮಾತು. ಮೋಟರ್ ಸ್ಟಾರ್ಟರ್‌ನಲ್ಲಿ ಇರುವುದು 230 ವೋಲ್ಟ್. ಅದರ ಪೆಟ್ಟಿಗೆ ತೆರೆಯುವುದಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ. 5 ವೋಲ್ಟಿನ ಕೇಬಲ್ಲನ್ನು ಮೋಟರ್ ತಂತಿ ಹೋಗುವ ಪೈಪಿನಲ್ಲೇ ತೂರಿಸಬೇಡಿ, ಬೇರೆ ಪೈಪ್ ಹಾಕಿ.

ತಂತಿಯ ನಿಯಮ

ಒಂದೇ ತಂತಿಯನ್ನು ಇಬ್ಬರು ಹಂಚಿಕೊಳ್ಳಬೇಕಾದರೆ ಒಂದು ಕಟ್ಟಳೆ ಬೇಕು. ಯಾರೂ ಮಾತಾಡದಿದ್ದಾಗ ತಂತಿ ಮೇಲೆ, ಅಂದರೆ 5 ವೋಲ್ಟಿನಲ್ಲಿ ಇರಬೇಕು. ಅದನ್ನು ಮೇಲೆ ಹಿಡಿದಿಡುವುದು 5 ವೋಲ್ಟಿಗೂ ತಂತಿಗೂ ನಡುವೆ ಹಾಕುವ ಒಂದು ಪುಲ್‌ಅಪ್ ರೆಸಿಸ್ಟರ್, ಚಿಪ್ ಅಲ್ಲ. ಮಾತಾಡುವವರು ತಂತಿಯನ್ನು ಕೆಳಗೆ ಎಳೆಯಬಹುದು ಅಥವಾ ಕೈ ಬಿಡಬಹುದು. ಮೇಲಕ್ಕೆ ತಳ್ಳುವ ಹಾಗಿಲ್ಲ.

ಸೊನ್ನೆ ಕಳಿಸಬೇಕೆಂದರೆ ಎಳೆಯುವುದು, ಒಂದು ಕಳಿಸಬೇಕೆಂದರೆ ಬಿಡುವುದು, ಅಷ್ಟೇ. ಕಾರುಗಳಲ್ಲಿ ಕನ್ನಡಿ, ಕಿಟಕಿ ಗಾಜು, ಸೀಟುಗಳಿಗೆ ಬಳಸುವ ಲಿನ್ ಬಸ್ ಅನ್ನುವ ಒಂದೇ ತಂತಿಯ ಸಂಪರ್ಕ ಕೂಡ ಇದೇ ಕಟ್ಟಳೆಯ ಮೇಲೆ ನಡೆಯುತ್ತದೆ. ಅಲ್ಲಿ ಯಜಮಾನ ಚಿಪ್ ಕಡೆ 1 ಕಿಲೋ ಓಮ್ ಪುಲ್‌ಅಪ್, ಉಳಿದ ಚಿಪ್‌ಗಳಲ್ಲಿ 30 ಕಿಲೋ ಓಮ್. ಯಜಮಾನ ಕೇಳದೆ ಬೇರೆ ಯಾರೂ ಬಾಯಿ ಬಿಡುವಂತಿಲ್ಲ.

ಪ್ರೋಗ್ರಾಮ್ ಮೂಲಕವೇ ಬಿಟ್‌ಗಳನ್ನು ಒಂದರ ಹಿಂದೆ ಒಂದು ಕಳಿಸುವ, ಕೇಳುವ ಆರ್ಡುಯಿನೊದ ಸಾಫ್ಟ್‌ವೇರ್ ಸೀರಿಯಲ್ ಲೈಬ್ರರಿ ಈ ಕಟ್ಟಳೆ ಪಾಲಿಸುವುದಿಲ್ಲ. ಅದರ ಕಳಿಸುವ ಪಿನ್ ಸುಮ್ಮನಿದ್ದಾಗಲೂ ತಂತಿಯನ್ನು 5 ವೋಲ್ಟಿಗೆ ಗಟ್ಟಿಯಾಗಿ ತಳ್ಳುತ್ತಿರುತ್ತದೆ. ಆ ಪಿನ್ನನ್ನು ನೇರವಾಗಿ ತಂತಿಗೆ ಕಟ್ಟಿದರೆ, ಆಚೆ ಚಿಪ್ ಕೆಳಗೆ ಎಳೆದಾಗ ಎರಡು ಪಿನ್‌ಗಳ ನಡುವೆ ಹಗ್ಗಜಗ್ಗಾಟ. ಯುನೊದಲ್ಲಿರುವ ಎಟಿಮೆಗಾ 328ಪಿ ಚಿಪ್‌ನ ಒಂದು ಪಿನ್ನಿಗೆ 40 ಮಿಲಿಆಂಪಿಯರ್ ಮೇರೆ. ಹಗ್ಗಜಗ್ಗಾಟದಲ್ಲಿ ಅದನ್ನು ದಾಟಿಬಿಡಬಹುದು. ಚಿಪ್ ಬೆಚ್ಚಗಾಗಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಇದಕ್ಕೆ ಪರಿಹಾರ ಸುಲಭ. ಕಳಿಸುವ ಪಿನ್ನಿಗೂ ತಂತಿಗೂ ನಡುವೆ ಒಂದು ಡಯೋಡ್ ಹಾಕಿ. ಪಟ್ಟಿ ಇರುವ ತುದಿ ಪಿನ್ ಕಡೆ ಇರಲಿ. ಆಗ ಪಿನ್ ಕೆಳಗೆ ಎಳೆಯಬಲ್ಲದು, ಮೇಲಕ್ಕೆ ತಳ್ಳಲಾರದು. ಕೇಳುವ ಪಿನ್ ನೇರವಾಗಿ ತಂತಿಗೆ ಹೋಗಲಿ. ಎಟಿಟೈನಿ ಕಡೆ ಡಯೋಡ್ ಬೇಡ. ಅಲ್ಲಿ ಪಿನ್ನಿನ ಔಟ್‌ಪುಟ್ ಬೆಲೆಯನ್ನು ಯಾವಾಗಲೂ ಸೊನ್ನೆಯಲ್ಲೇ ಇಟ್ಟು, ದಿಕ್ಕನ್ನು ಮಾತ್ರ ಬದಲಿಸಿದರೆ ಆಯಿತು. ಔಟ್‌ಪುಟ್ ಮಾಡಿದರೆ ಎಳೆಯುತ್ತದೆ, ಇನ್‌ಪುಟ್ ಮಾಡಿದರೆ ಬಿಡುತ್ತದೆ.

ಮೊದಲ ಅಳತೆ: ಸುಮ್ಮನಿರುವ ತಂತಿ

ಎರಡೂ ಚಿಪ್‌ಗೆ ಕರೆಂಟ್ ಕೊಡಿ. ಪ್ರಶ್ನೆ ಕೇಳುವುದನ್ನು ನಿಲ್ಲಿಸಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಸಿಗ್ನಲ್ ಎಳೆಗೂ ಗ್ರೌಂಡಿಗೂ ನಡುವೆ ಅಳೆಯಿರಿ. ಕೆಳಗೂ ಅಳೆಯಿರಿ, ಟೆರೇಸ್ ಮೇಲೂ ಅಳೆಯಿರಿ.

ಎರಡೂ ಕಡೆ 5 ವೋಲ್ಟಿನ ಹತ್ತಿರ ಬಂದರೆ ಮುಂದಿನ ಅಳತೆಗೆ ಹೋಗಿ.

ಸೊನ್ನೆ ಬಂದರೆ ಯಾರೋ ತಂತಿಯನ್ನು ಎಳೆದು ಹಿಡಿದಿದ್ದಾರೆ, ಇಲ್ಲವೇ ಎಲ್ಲೋ ಶಾರ್ಟ್ ಆಗಿದೆ, ಇಲ್ಲವೇ ಪುಲ್‌ಅಪ್ ಬಿಟ್ಟುಹೋಗಿದೆ. ಮೇಲಿನ ಚಿಪ್ಪನ್ನು ತಂತಿಯಿಂದ ಬಿಚ್ಚಿ ನೋಡಿ. 5 ವೋಲ್ಟ್ ವಾಪಸ್ ಬಂದರೆ ಹಿಡಿದಿದ್ದು ಅದೇ. ಬರದಿದ್ದರೆ ಕೆಳಗಿನದನ್ನೂ ಬಿಚ್ಚಿ, ಪುಲ್‌ಅಪ್ ಮತ್ತು ಕೇಬಲ್ ಮಾತ್ರ ಉಳಿಸಿ. ಆಗಲೂ ಸೊನ್ನೆ ಇದ್ದರೆ ತಪ್ಪು ಕೇಬಲ್‌ನಲ್ಲೋ ಪುಲ್‌ಅಪ್‌ನಲ್ಲೋ ಇದೆ.

ನಡುವಿನ ವೋಲ್ಟೇಜ್ ಬಂದರೆ, ಅಂದರೆ 1ರಿಂದ 4ರವರೆಗೆ ಏನಾದರೂ ತೋರಿಸಿದರೆ, ಎರಡು ಸಾಧ್ಯತೆ ಜಾಸ್ತಿ. ಒಂದು, ಮೇಲೆ ಹೇಳಿದ ಹಗ್ಗಜಗ್ಗಾಟ. ಇನ್ನೊಂದು, ಮೇಲಿನ ಚಿಪ್‌ಗೆ ಕರೆಂಟೇ ಹೋಗುತ್ತಿಲ್ಲ. ಕರೆಂಟ್ ಇಲ್ಲದ ಚಿಪ್ ಸಿಗ್ನಲ್ ಪಿನ್ನಿನ ಮೂಲಕವೇ ಕರೆಂಟ್ ಹೀರುತ್ತದೆ. ಪಿನ್ನಿನ ಒಳಗಿರುವ ರಕ್ಷಣೆಯ ಡಯೋಡ್ ಅದಕ್ಕೆ ದಾರಿ ಮಾಡಿಕೊಡುತ್ತದೆ. ಕೆಲವೊಮ್ಮೆ ಅಷ್ಟರಲ್ಲೇ ಅರ್ಧಂಬರ್ಧ ಎಚ್ಚರವಾಗಿ ಒಂದೆರಡು ಉತ್ತರವನ್ನೂ ಕೊಡುತ್ತದೆ. ಚಿಪ್ ಬದುಕಿದೆ ಅಂದುಕೊಂಡು ನಾವು ಬೇರೆಲ್ಲೋ ಹುಡುಕುತ್ತೇವೆ. ಅದಕ್ಕೇ ಚಿಪ್‌ನ ಕರೆಂಟ್ ಪಿನ್ನಿನ ಮೇಲೆ 5 ವೋಲ್ಟ್ ಇದೆಯಾ ಅಂತ ಅಲ್ಲೇ ಅಳೆಯಿರಿ.

ತಂತಿಯನ್ನು ಬೆರಳಿಂದ ಮುಟ್ಟಿದರೆ ಮೀಟರಿನ ಅಂಕೆ ಕುಣಿಯುತ್ತದೆಯೇ? ಹಾಗಾದರೆ ಪುಲ್‌ಅಪ್ ಇಲ್ಲವೇ ಇಲ್ಲ.

ಗ್ರೌಂಡ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ‘ಒಂದೇ ತಂತಿ’ ಅನ್ನುವ ಹೆಸರು ದಾರಿ ತಪ್ಪಿಸುತ್ತದೆ. ಸಿಗ್ನಲ್‌ಗೆ ಒಂದು ತಂತಿ ನಿಜ, ಆದರೆ ಗ್ರೌಂಡ್ ಎರಡೂ ಕಡೆ ಒಂದೇ ಆಗಿರಬೇಕು. ಎರಡು ಬೇರೆ ಅಡಾಪ್ಟರ್ ಹಾಕಿ ಗ್ರೌಂಡ್ ಸೇರಿಸುವುದನ್ನು ಮರೆತರೆ ಏನೂ ನಡೆಯದು. ಲ್ಯಾಪ್‌ಟಾಪ್ ಸಿಕ್ಕಿಸಿದಾಗ ಕೆಲಸ ಮಾಡುತ್ತದೆ, ತೆಗೆದರೆ ನಿಲ್ಲುತ್ತದೆ ಅಂದರೆ ಗ್ರೌಂಡನ್ನೇ ನೋಡಿ. ಯುಎಸ್‌ಬಿ ಕೇಬಲ್ ಮೂಲಕ ಅಷ್ಟು ಹೊತ್ತು ಗ್ರೌಂಡ್ ಸೇರಿಕೊಂಡಿರುತ್ತದೆ.

ಎರಡನೇ ಅಳತೆ: ಇಂಗ್ಲಿಷಿನ ಯು ಅಕ್ಷರ

ನನಗೆ ಇದು ತುಂಬ ಇಷ್ಟವಾದ ಪರೀಕ್ಷೆ. ದೊಡ್ಡಕ್ಷರದ ಯು ಅಂದರೆ ಹೆಕ್ಸ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) 55. ಅದರ ಬಿಟ್‌ಗಳು ಒಂದು, ಸೊನ್ನೆ, ಒಂದು, ಸೊನ್ನೆ ಹೀಗೇ ಹೋಗುತ್ತವೆ. ಅಕ್ಷರ ಶುರುವಾಯಿತು ಅಂತ ಮೊದಲು ಬರುವ ಸ್ಟಾರ್ಟ್ ಬಿಟ್ ಸೊನ್ನೆ, ಮುಗಿಯಿತು ಅಂತ ಕೊನೆಗೆ ಬರುವ ಸ್ಟಾಪ್ ಬಿಟ್ ಒಂದು. ಎಲ್ಲ ಸೇರಿದರೆ ಹತ್ತು ಬಿಟ್ ಸರಿಯಾಗಿ ಒಂದು ಬಿಟ್ಟು ಒಂದು. ಬಿಡುವಿಲ್ಲದೆ ಯು ಕಳಿಸುತ್ತಿದ್ದರೆ ತಂತಿಯ ಮೇಲೆ ಚೊಕ್ಕವಾದ ಚೌಕದ ಅಲೆ ಬರುತ್ತದೆ. 9600 ಬಾಡ್‌ನಲ್ಲಿ ಅದರ ಆವರ್ತನ 4800 ಹರ್ಟ್ಜ್. ಅರ್ಧ ಸಮಯ ಮೇಲೆ, ಅರ್ಧ ಸಮಯ ಕೆಳಗೆ ಇರುವುದರಿಂದ ಡಿಸಿ ಮೀಟರ್ ಸರಾಸರಿಯನ್ನು ತೋರಿಸುತ್ತದೆ. 5 ವೋಲ್ಟಿನಲ್ಲಿ ಅದು 2.5ರ ಆಸುಪಾಸು ಇರಬೇಕು.

ಎಟಿಟೈನಿಗೆ ಸುಮ್ನೆ ಯು ಕಳಿಸುತ್ತಲೇ ಇರುವ ಪುಟ್ಟ ಪ್ರೋಗ್ರಾಮ್ ಹಾಕಿ, ಕೆಳಗೆ ಕೇಬಲ್‌ನ ತುದಿಯಲ್ಲಿ ಅಳೆದೆ. ಮೀಟರ್ ತೋರಿಸಿದ್ದು 1.4 ವೋಲ್ಟ್. ಮೇಜಿನ ಮೇಲೆ ಅದೇ ಪರೀಕ್ಷೆ ಮಾಡಿದರೆ 2.5. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

ಸರಾಸರಿ ಯಾಕೆ ಇಳಿಯಿತು? ತಂತಿ ಕೆಳಗೆ ಬೇಗ ಬರುತ್ತಿದೆ, ಯಾಕೆಂದರೆ ಚಿಪ್ ಬಲವಾಗಿ ಎಳೆಯುತ್ತದೆ. ಮೇಲಕ್ಕೆ ಮಾತ್ರ ನಿಧಾನವಾಗಿ ಏರುತ್ತಿದೆ. ನಾನು ಬೇರೆ ಪುಲ್‌ಅಪ್ ರೆಸಿಸ್ಟರ್ ಹಾಕಿರಲಿಲ್ಲ. ಯುನೊ ಪಿನ್ನಿನ ಒಳಗಿರುವ ಪುಲ್‌ಅಪ್ ಸಾಕು ಅಂದುಕೊಂಡಿದ್ದೆ. ಅದರ ಬೆಲೆ 20ರಿಂದ 50 ಕಿಲೋ ಓಮ್. ಇನ್ನು ಕೇಬಲ್ ಅಂದರೆ ಅದೂ ಒಂದು ಕೆಪಾಸಿಟರ್. ಅಕ್ಕಪಕ್ಕದ ಎಳೆಗಳ ನಡುವೆ ಮೀಟರಿಗೆ 100 ಪಿಕೊಫ್ಯಾರಡ್‌ವರೆಗೂ ಇರುತ್ತದೆ. 15 ಮೀಟರಿಗೆ 1500 ಪಿಕೊಫ್ಯಾರಡ್ ಅಂತ ಹಿಡಿಯೋಣ. 35 ಕಿಲೋ ಓಮ್ ಮೂಲಕ ಅದನ್ನು ತುಂಬಬೇಕು. ಎರಡನ್ನೂ ಗುಣಿಸಿದರೆ 52 ಮೈಕ್ರೋಸೆಕೆಂಡ್. ಇದು ಆ ತಂತಿಯ ಟೈಮ್ ಕಾನ್‌ಸ್ಟಂಟ್. ಅಷ್ಟು ಹೊತ್ತಿಗೆ ತಂತಿ ಶೇಕಡ 63ರಷ್ಟು ಮಾತ್ರ ಏರಿರುತ್ತದೆ.

9600 ಬಾಡ್‌ನಲ್ಲಿ ಒಂದು ಬಿಟ್‌ನ ಅವಧಿ 104 ಮೈಕ್ರೋಸೆಕೆಂಡ್. ಕೇಳುವವನು ಬಿಟ್‌ನ ನಟ್ಟನಡುವೆ, ಅಂದರೆ 52ನೇ ಮೈಕ್ರೋಸೆಕೆಂಡಿನ ಹತ್ತಿರ ತಂತಿಯನ್ನು ನೋಡುತ್ತಾನೆ. ಈ ಚಿಪ್‌ಗಳಲ್ಲಿ ‘ಒಂದು’ ಅಂತ ಖಚಿತವಾಗಿ ಓದಬೇಕಾದರೆ ಸಪ್ಲೈನ 0.6 ಭಾಗ, ಅಂದರೆ 3 ವೋಲ್ಟ್ ಬೇಕು. ತಂತಿ 3 ವೋಲ್ಟ್ ಮುಟ್ಟುವುದೇ 48ನೇ ಮೈಕ್ರೋಸೆಕೆಂಡಿಗೆ. ಒಳಗಿನ ಪುಲ್‌ಅಪ್ ಸ್ವಲ್ಪ ಜಾಸ್ತಿ ಓಮ್ ಇದ್ದರೆ ಅದೂ ಇಲ್ಲ. ಮೇಜಿನ ಮೇಲಿನ ಒಂದು ಗೇಣು ತಂತಿಗೆ ಈ ಕೆಪಾಸಿಟರ್ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಸರಿಯಿದ್ದದ್ದು ಇಲ್ಲಿ ಕೆಟ್ಟಿದ್ದು ಅದಕ್ಕೇ.

ಪರದೆಯಲ್ಲಿ ಬಂದ ಕಸವೂ ಇದನ್ನೇ ಹೇಳುತ್ತಿತ್ತು. ನನಗೆ ಓದಲು ಗೊತ್ತಿರಲಿಲ್ಲ. ಏರಿಕೆ ನಿಧಾನವಾದರೆ, ಸೊನ್ನೆಯ ನಂತರ ಬರುವ ಮೊದಲ ‘ಒಂದು’ ಬಿಟ್ ಸೊನ್ನೆಯಾಗಿ ಕಾಣುತ್ತದೆ. ಅದರ ಹಿಂದೆಯೇ ಇನ್ನೊಂದು ‘ಒಂದು’ ಇದ್ದರೆ ಅದು ಉಳಿಯುತ್ತದೆ, ಅಷ್ಟರಲ್ಲಿ ತಂತಿ ಏರಿರುತ್ತದೆ. ಈ ಲೆಕ್ಕ ಅಂಕೆಗಳಿಗೆ ಹಾಕಿ ನೋಡಿ. ಅಂಕೆ 0, 1, 2, 4 ಇವೆಲ್ಲ ಹೆಕ್ಸ್ 20 ಆಗುತ್ತವೆ. ಹೆಕ್ಸ್ 20 ಅಂದರೆ ಖಾಲಿ ಜಾಗ. ಅಂಕೆ 3 ಮಾತ್ರ ಹೆಕ್ಸ್ 33ರಿಂದ 22 ಆಗುತ್ತದೆ. ಹೆಕ್ಸ್ 22 ಅಂದರೆ ಜೋಡಿ ಉದ್ಧರಣ ಚಿಹ್ನೆ! ಖಾಲಿ ಸಾಲುಗಳು, ಮುಕ್ಕಾಲು ತುಂಬಿದಾಗ ಉದ್ಧರಣ ಚಿಹ್ನೆ. ಎಲ್ಲವೂ ತಾಳೆಯಾಯಿತು. ಈ ಲೆಕ್ಕ ಕಾಗದದ ಮೇಲೆ ಸರಿಹೋದಾಗ ಆದ ಸಂತೋಷ ಇನ್ನೂ ನೆನಪಿದೆ.

ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪರೀಕ್ಷೆ ಮಾಡುವಾಗ ಬಂದ ಬೈಟನ್ನು ಅಕ್ಷರವಾಗಿ ತೋರಿಸುವುದಿಲ್ಲ, ಹೆಕ್ಸ್‌ನಲ್ಲಿ ತೋರಿಸುತ್ತೇನೆ. ಮೇಲಿಂದ ಸೆಕೆಂಡಿಗೊಂದು ಯು ಕಳಿಸಿ, ಕೆಳಗೆ ಏನು ಬರುತ್ತದೆ ನೋಡಿ. 55 ಬಂದರೆ ತಂತಿಯೂ ಗಡಿಯಾರವೂ ಸರಿ. 00 ಬಂದರೆ ಏರಿಕೆ ನಿಧಾನ. ಡಿ5 (D5) ಬಂದರೆ ಗಡಿಯಾರ ತಪ್ಪಿದೆ, ಅದನ್ನು ಮುಂದೆ ಹೇಳುತ್ತೇನೆ. ಒಂದು ಕಳಿಸಿದರೆ ನಾಲ್ಕಾರು ಬೈಟ್ ಕಸ ಬಂದರೆ ಗಡಿಯಾರ ಬಹಳ ದೂರ ತಪ್ಪಿದೆ.

ಪುಲ್‌ಅಪ್ ಎಷ್ಟು ಹಾಕಬೇಕು?

ಕೆಳಗೆ ಯುನೊ ಹತ್ತಿರ ಸಿಗ್ನಲ್ ಎಳೆಯಿಂದ 5 ವೋಲ್ಟಿಗೆ 4.7 ಕಿಲೋ ಓಮ್ ಹಾಕಿದೆ. ಟೈಮ್ ಕಾನ್‌ಸ್ಟಂಟ್ 52ರಿಂದ 7 ಮೈಕ್ರೋಸೆಕೆಂಡಿಗೆ ಇಳಿಯಿತು. ಯು ಪರೀಕ್ಷೆಯಲ್ಲಿ ಮೀಟರ್ 2.4ರ ಹತ್ತಿರ ಬಂತು. ಅಂಕೆಗಳು ಬರತೊಡಗಿದವು.

ಇನ್ನೂ ಕಡಿಮೆ ಓಮ್ ಹಾಕಿದರೆ ಇನ್ನೂ ಒಳ್ಳೆಯದು ಅಲ್ವಾ ಅಂತ ಅನಿಸುತ್ತದೆ. ನನಗೂ ಅನಿಸಿತು. ಅದೇ ಹೊತ್ತಿಗೆ ಪಿನ್‌ಗಳ ರಕ್ಷಣೆಗೆ ಅಂತ ಎರಡೂ ಕಡೆ ತಂತಿಯ ಜೊತೆ ಸಾಲಾಗಿ 1 ಕಿಲೋ ಓಮ್ ಕೂಡ ಹಾಕಿದೆ. ಪುಲ್‌ಅಪ್ 2.2 ಕಿಲೋ ಓಮ್ ಮಾಡಿದೆ. ಮತ್ತೆ ಕೆಟ್ಟಿತು, ಈ ಸಲ ಬೇರೆ ತರಹ. ಕೆಲವೊಮ್ಮೆ ಸರಿ, ಕೆಲವೊಮ್ಮೆ ಉತ್ತರವೇ ಇಲ್ಲ.

ಈ ಸಲ ಏರಿಕೆ ಚೆನ್ನಾಗಿತ್ತು, ಇಳಿಕೆ ಕೆಟ್ಟಿತ್ತು. ಪುಲ್‌ಅಪ್ ಮೇಲಕ್ಕೆ ಎಳೆಯುತ್ತದೆ, ಪಿನ್ 1 ಕಿಲೋ ಓಮ್ ಮೂಲಕ ಕೆಳಗೆ ಎಳೆಯುತ್ತದೆ. ಇಬ್ಬರ ನಡುವೆ 5 ವೋಲ್ಟ್ ಹಂಚಿಹೋಗುತ್ತದೆ. 2.2 ಮತ್ತು 1ರ ನಡುವೆ ಹಂಚಿದರೆ ತಂತಿಯ ಮೇಲೆ 1.56 ವೋಲ್ಟ್ ಉಳಿಯುತ್ತದೆ. ‘ಸೊನ್ನೆ’ ಅಂತ ಖಚಿತವಾಗಿ ಓದಬೇಕಾದರೆ ಸಪ್ಲೈನ 0.3 ಭಾಗ, ಅಂದರೆ 1.5 ವೋಲ್ಟಿಗಿಂತ ಕೆಳಗೆ ಬರಬೇಕು. ಯುನೊ ಕಡೆ ಪರಿಸ್ಥಿತಿ ಇನ್ನೂ ಹದಗೆಟ್ಟಿತ್ತು. ಅಲ್ಲಿ ಡಯೋಡ್ ಕೂಡ 0.65 ವೋಲ್ಟ್ ತಿನ್ನುತ್ತದೆ. ಲೆಕ್ಕ ಹಾಕಿದರೆ ತಂತಿ 2 ವೋಲ್ಟಿಗಿಂತ ಕೆಳಗೆ ಇಳಿಯುತ್ತಲೇ ಇರಲಿಲ್ಲ.

ಸಾಲಿನ ರೆಸಿಸ್ಟರನ್ನು 330 ಓಮ್ ಮಾಡಿ, ಪುಲ್‌ಅಪ್ಪನ್ನು ಮತ್ತೆ 4.7 ಕಿಲೋ ಓಮ್‌ಗೆ ತಂದೆ. ಈಗ ಎಟಿಟೈನಿ ಎಳೆದಾಗ 0.33 ವೋಲ್ಟ್, ಯುನೊ ಎಳೆದಾಗ 0.94 ವೋಲ್ಟ್. ಎರಡೂ ಸುರಕ್ಷಿತ. ಡಯೋಡ್ ಜಾಗದಲ್ಲಿ ಕಡಿಮೆ ವೋಲ್ಟ್ ತಿನ್ನುವ ಶಾಟ್ಕಿ ಡಯೋಡ್ ಹಾಕಿದರೆ ಇನ್ನೂ ಕೆಳಗೆ ಬರುತ್ತದೆ.

ಇದನ್ನು ಮೀಟರಿನಲ್ಲಿ ನೋಡುವುದು ಹೀಗೆ: ಪ್ರೋಗ್ರಾಮ್‌ನಲ್ಲಿ ಒಂದು ಚಿಪ್‌ಗೆ ತಂತಿಯನ್ನು ಹತ್ತು ಸೆಕೆಂಡ್ ಎಳೆದು ಹಿಡಿಯಲು ಹೇಳಿ. ಆಗ ಆಚೆ ತುದಿಯಲ್ಲಿ ಅಳೆಯಿರಿ. 1 ವೋಲ್ಟಿಗಿಂತ ಕೆಳಗಿದ್ದರೆ ನೆಮ್ಮದಿ. ಆಮೇಲೆ ಇನ್ನೊಂದು ಚಿಪ್‌ನಿಂದ ಇದೇ ಪರೀಕ್ಷೆ ಮಾಡಿ. ಒಂದು ಕಡೆಯಿಂದ ಮಾತ್ರ ನೋಡಿ ಬಿಟ್ಟರೆ ಅರ್ಧ ದೋಷ ಹಾಗೇ ಉಳಿಯುತ್ತದೆ.

ಒಂದು ಕಡೆ 3.3 ವೋಲ್ಟಿನ ಚಿಪ್ ಇದ್ದರೆ, ಉದಾಹರಣೆಗೆ ಇಎಸ್‌ಪಿ 32, ಪುಲ್‌ಅಪ್ಪನ್ನು 3.3 ವೋಲ್ಟಿಗೇ ಕಟ್ಟಬೇಕು. 5 ವೋಲ್ಟಿಗೆ ಕಟ್ಟಿದರೆ ಆ ಚಿಪ್ ಹಾಳಾಗಬಹುದು. ಯುನೊಗೆ ಬೇಕಿರುವುದು 3 ವೋಲ್ಟ್, ಸಿಗುವುದು 3.3. ಗಿಡ್ಡ ತಂತಿಗೆ ನಡೆಯುತ್ತದೆ. ಉದ್ದ ಕೇಬಲ್‌ಗೆ ನಾನು ಇದನ್ನು ನೆಚ್ಚುವುದಿಲ್ಲ, ನಡುವೆ ಲೆವೆಲ್ ಬದಲಿಸುವ ಸರ್ಕ್ಯೂಟ್ ಹಾಕುತ್ತೇನೆ.

ಗಡಿಯಾರ ತಪ್ಪಿದಾಗ

ಸೀರಿಯಲ್ ಮಾತಿನಲ್ಲಿ ಗಡಿಯಾರದ ತಂತಿ ಬೇರೆ ಇಲ್ಲ. ಸ್ಟಾರ್ಟ್ ಬಿಟ್ ಕಂಡ ಕ್ಷಣದಿಂದ ಇಬ್ಬರೂ ತಮ್ಮ ತಮ್ಮ ಗಡಿಯಾರ ನೋಡಿಕೊಂಡು ಎಣಿಸುತ್ತಾರೆ. ಸಣ್ಣ ತಪ್ಪು ಬಿಟ್‌ನಿಂದ ಬಿಟ್‌ಗೆ ಬೆಳೆಯುತ್ತದೆ. ಅದಕ್ಕೇ ಗಡಿಯಾರ ತಪ್ಪಿದರೆ ಮೊದಲ ಬಿಟ್‌ಗಳು ಸರಿಯಿದ್ದು ಕೊನೆಯವು ಕೆಡುತ್ತವೆ. ಇಬ್ಬರ ತಪ್ಪು ಸೇರಿ ಶೇಕಡ 5 ದಾಟಿದರೆ ಕೊನೆಯ ಬಿಟ್ ಹೋಯಿತು. ಯು ಕಳಿಸಿದಾಗ 55ರ ಬದಲು ಡಿ5 ಬರುವುದು ಹೀಗೆ: ಎಂಟನೇ ಬಿಟ್ ಜಾಗದಲ್ಲಿ ಅದರ ಅಕ್ಕಪಕ್ಕದ ಬಿಟ್ ಓದಿಬಿಡುತ್ತದೆ.

ಯುನೊದ ಎಟಿಮೆಗಾಗೆ ಗಡಿಯಾರವಾಗಿ ಇರುವುದು ಸಿರಾಮಿಕ್ ರೆಸೊನೇಟರ್. ಅದು ಶೇಕಡ ಅರ್ಧದಷ್ಟು ಆಚೀಚೆ ಇರಬಹುದು, ತೊಂದರೆಯಿಲ್ಲ. ಎಟಿಟೈನಿ 85ರ ಒಳಗಿನ ಆಸಿಲೇಟರ್ ಹಾಗಲ್ಲ. ಕಾರ್ಖಾನೆಯಿಂದ ಬರುವಾಗ ಅದಕ್ಕೆ ಶೇಕಡ 10ರಷ್ಟು ಆಚೀಚೆ ಹೋಗುವ ಅವಕಾಶ ಇದೆ. ನಾವೇ ತಿದ್ದಿದರೆ ಶೇಕಡ 1ರ ಒಳಗೆ ತರಬಹುದು. ಅದಕ್ಕೆ ಆಸ್ಕ್‌ಕ್ಯಾಲ್ (OSCCAL) ಅನ್ನುವ ರಿಜಿಸ್ಟರ್, ಅಂದರೆ ಚಿಪ್‌ನ ಒಳಗೆ ಬೆಲೆ ಬರೆದಿಡುವ ಜಾಗ ಇದೆ.

ಇಲ್ಲೂ ಯು ಪರೀಕ್ಷೆಯೇ ಸಾಕು. ಮೀಟರಿನಲ್ಲಿ ಹರ್ಟ್ಜ್ ಅಳೆಯುವ ಜಾಗ ಇದ್ದರೆ, ಬಿಡುವಿಲ್ಲದೆ ಯು ಕಳಿಸಿ ಅಳೆಯಿರಿ. 4800 ಬರಬೇಕು. 4704ರಿಂದ 4896ರ ಒಳಗಿದ್ದರೆ ತಪ್ಪು ಶೇಕಡ 2ರ ಒಳಗಿದೆ. ಹೊರಗಿದ್ದರೆ ಆಸ್ಕ್‌ಕ್ಯಾಲ್ ಬೆಲೆಯನ್ನು ಒಂದೊಂದೇ ಏರಿಸಿ ಅಥವಾ ಇಳಿಸಿ ನೋಡಿ.

600 ಹರ್ಟ್ಜ್ ಬಂದರೆ ಗಾಬರಿ ಬೇಡ. ಹೊಸ ಎಟಿಟೈನಿ 85 ಎಲ್ಲರಿಗೂ ಮಾಡುವ ತೊಂದರೆ ಅದು. ಅದರ ಆಸಿಲೇಟರ್ 8 ಮೆಗಾಹರ್ಟ್ಜ್, ಆದರೆ ಕಾರ್ಖಾನೆಯಲ್ಲಿ ಹಾಕಿದ ಒಂದು ಫ್ಯೂಸ್ (ಚಿಪ್‌ನ ಒಳಗಿನ ಸೆಟ್ಟಿಂಗ್) ಅದನ್ನು 8ರಿಂದ ಭಾಗಿಸಿ 1 ಮೆಗಾಹರ್ಟ್ಜ್ ಮಾಡುತ್ತದೆ. ಪ್ರೋಗ್ರಾಮ್ 8 ಅಂದುಕೊಂಡಿದೆ, ಚಿಪ್ 1ರಲ್ಲಿ ಓಡುತ್ತಿದೆ. ಆರ್ಡುಯಿನೊ ತಂತ್ರಾಂಶದಲ್ಲಿ 8 ಮೆಗಾಹರ್ಟ್ಜ್ ಇಂಟರ್ನಲ್ ಅಂತ ಆರಿಸಿ, ಬರ್ನ್ ಬೂಟ್‌ಲೋಡರ್ ಒಂದು ಸಲ ಒತ್ತಿದರೆ ಫ್ಯೂಸ್ ಸರಿಯಾಗುತ್ತದೆ.

ಒಳಗಿನ ಆಸಿಲೇಟರ್ ಬಿಸಿಲಿಗೂ ವೋಲ್ಟೇಜಿಗೂ ಸರಿದಾಡುತ್ತದೆ. ಟೆರೇಸ್ ಮೇಲಿನ ಪ್ಲಾಸ್ಟಿಕ್ ಪೆಟ್ಟಿಗೆ ಏಪ್ರಿಲ್ ಮಧ್ಯಾಹ್ನ ಎಷ್ಟು ಕಾಯುತ್ತದೆ ಅಂತ ಮುಟ್ಟಿ ನೋಡಿದವರಿಗೇ ಗೊತ್ತು. ರಾತ್ರಿ ಕೂತು ತಿದ್ದಿದ ಬೆಲೆ ಮಧ್ಯಾಹ್ನಕ್ಕೆ ಸರಿಹೋಗದಿರಬಹುದು. ನಾನು ಪೆಟ್ಟಿಗೆಯನ್ನು ಟ್ಯಾಂಕಿನ ನೆರಳಿಗೆ ಸರಿಸಿ, ಬಿಸಿಲು ಹೊತ್ತಿನಲ್ಲಿ ಇನ್ನೊಮ್ಮೆ ಅಳೆದು ನೋಡಿದೆ. ಇನ್ನೂ ಗಟ್ಟಿ ದಾರಿಯೂ ಇದೆ. ಪ್ರತಿ ಪ್ರಶ್ನೆಗೂ ಮುಂಚೆ ಯುನೊ ಒಂದು ಯು ಕಳಿಸಲಿ. ಎಟಿಟೈನಿ ಅದರ ಬಿಟ್‌ಗಳ ಉದ್ದ ಅಳೆದು ತನ್ನ ಲೆಕ್ಕ ಸರಿಮಾಡಿಕೊಳ್ಳಲಿ. ಲಿನ್ ಬಸ್‌ನಲ್ಲಿ ಪ್ರತಿ ಸಂದೇಶದ ಮೊದಲು ಬರುವ ಸಿಂಕ್ ಬೈಟ್ ಕೂಡ ಹೆಕ್ಸ್ 55 ಆಗಿರುವುದು ಇದಕ್ಕೇ.

ಬಾಡ್ ರೇಟ್ ಏರಿಸುವ ಆಸೆ ಬೇಡ. ಒಂದು ಅಂಕೆ ಕಳಿಸಲು 9600 ಧಾರಾಳ. 16 ಮೆಗಾಹರ್ಟ್ಜ್ ಎಟಿಮೆಗಾದಲ್ಲಿ 115200 ಬಾಡ್ ಕೇಳಿದರೆ, ಡಬಲ್ ಸ್ಪೀಡ್ ಅನ್ನುವ ಸೆಟ್ಟಿಂಗ್ ಹಾಕಿದರೂ ಲೆಕ್ಕದಲ್ಲೇ ಶೇಕಡ 2.1 ತಪ್ಪು ಇರುತ್ತದೆ. 9600ರಲ್ಲಿ ಅದು ಕೇವಲ 0.2.

ಇನ್ನು ಪ್ರೋಗ್ರಾಮ್

ತಂತಿ ಸರಿ, ಗಡಿಯಾರ ಸರಿ, ಆದರೂ ಮಾತು ಕೆಡುತ್ತಿದೆ ಅಂದರೆ ಸರದಿ ತಪ್ಪಿದೆ.

ಉತ್ತರದ ಮೊದಲ ಅಕ್ಷರ ಯಾವಾಗಲೂ ಕಾಣೆಯಾಗುತ್ತಿದ್ದರೆ ಎಟಿಟೈನಿ ತುಂಬ ಬೇಗ ಉತ್ತರಿಸುತ್ತಿದೆ. ಯುನೊ ತನ್ನ ಸ್ಟಾಪ್ ಬಿಟ್ ಮುಗಿಸುವ ಮೊದಲೇ ಅದು ಶುರು ಮಾಡಿಬಿಡುತ್ತದೆ. ಸಾಫ್ಟ್‌ವೇರ್ ಸೀರಿಯಲ್ ಕಳಿಸುತ್ತಿರುವಾಗ ಕೇಳಿಸಿಕೊಳ್ಳಲಾರದು. ಉತ್ತರಕ್ಕೆ ಮುಂಚೆ ಎರಡು ಅಕ್ಷರದ ಹೊತ್ತು, ಅಂದರೆ 2 ಮಿಲಿಸೆಕೆಂಡ್ ಕಾಯಿಸಿ. ನಾನು 5 ಇಟ್ಟಿದ್ದೇನೆ.

ಕೊನೆಯ ಅಕ್ಷರ ಕೆಡುತ್ತಿದ್ದರೆ ತಪ್ಪು ಕಳಿಸುವವನದು. ಹಾರ್ಡ್‌ವೇರ್ ಸೀರಿಯಲ್, ಅಂದರೆ ಈ ಕೆಲಸಕ್ಕೇ ಮೀಸಲಾದ ಸರ್ಕ್ಯೂಟ್ ಇರುವ ಚಿಪ್‌ಗಳಲ್ಲಿ ‘ಬಫರ್ ಖಾಲಿಯಾಯಿತು’ ಅನ್ನುವ ಸೂಚನೆ ಬೇರೆ, ‘ಕಳಿಸಿ ಮುಗಿಯಿತು’ ಅನ್ನುವ ಸೂಚನೆ ಬೇರೆ. ಮೊದಲನೆಯದನ್ನು ನೋಡಿ ದಿಕ್ಕು ಬದಲಿಸಿದರೆ ಕೊನೆಯ ಬೈಟ್ ತಂತಿಯ ಮೇಲೆ ಇರುವಾಗಲೇ ಕತ್ತರಿಸಿಹೋಗುತ್ತದೆ. ಆರ್ಡುಯಿನೊದಲ್ಲಿ ಹಾರ್ಡ್‌ವೇರ್ ಸೀರಿಯಲ್‌ನ ಫ್ಲಶ್ ಅನ್ನುವ ಆದೇಶ ಕರೆದರೆ ಅದು ಪೂರ್ತಿ ಮುಗಿಯುವವರೆಗೆ ಕಾಯುತ್ತದೆ. 2011ರಲ್ಲಿ ಬಂದ 1.0 ಆವೃತ್ತಿಗಿಂತ ಹಿಂದೆ ಅದೇ ಫ್ಲಶ್ ಬಂದ ಅಕ್ಷರಗಳನ್ನು ಅಳಿಸುತ್ತಿತ್ತು. ಹಳೆಯ ಉದಾಹರಣೆ ನಕಲು ಮಾಡುವಾಗ ಇದು ನೆನಪಿರಲಿ.

ಹಾರ್ಡ್‌ವೇರ್ ಸೀರಿಯಲ್ ಬಳಸಿದರೆ ಇನ್ನೊಂದು ವಿಷಯ ಎದುರಾಗುತ್ತದೆ. ನೀವು ಕಳಿಸಿದ್ದು ನಿಮಗೇ ವಾಪಸ್ ಕೇಳಿಸುತ್ತದೆ. ಒಂದೇ ತಂತಿ ಅಲ್ವಾ! ಅದನ್ನು ಉತ್ತರ ಅಂದುಕೊಂಡರೆ ಪ್ರಶ್ನೆಯನ್ನೇ ಉತ್ತರವಾಗಿ ಓದುತ್ತೀರಿ. ಎಷ್ಟು ಬೈಟ್ ಕಳಿಸಿದಿರೋ ಅಷ್ಟನ್ನು ಓದಿ ಬಿಸಾಡಿ. ಬಿಸಾಡುವ ಮೊದಲು ಹೋಲಿಸಿ ನೋಡುವುದು ಇನ್ನೂ ಒಳ್ಳೆಯದು. ಕಳಿಸಿದ್ದೂ ಕೇಳಿಸಿದ್ದೂ ಬೇರೆ ಇದ್ದರೆ ತಂತಿಯ ಮೇಲೆ ಇಬ್ಬರೂ ಒಟ್ಟಿಗೆ ಮಾತಾಡಿದ್ದಾರೆ ಅಂತ ಅರ್ಥ. ಯುನೊದ 0 ಮತ್ತು 1ನೇ ಪಿನ್ ಯುಎಸ್‌ಬಿ ಚಿಪ್‌ಗೂ ಹೋಗುತ್ತವೆ. ಅವನ್ನು ಈ ಕೆಲಸಕ್ಕೆ ಬಳಸಿದರೆ ಪ್ರೋಗ್ರಾಮ್ ಹಾಕುವಾಗ ತಂತಿ ಬಿಚ್ಚಬೇಕು. ನಾನು 10 ಮತ್ತು 11ನೇ ಪಿನ್ ಬಳಸಿದ್ದೇನೆ.

ಮೋಟರ್ ಶುರುವಾಗುವ ಕ್ಷಣದಲ್ಲಿ ಮಾತ್ರ ಕಸ ಬಂದರೆ ಅದು ಸ್ಟಾರ್ಟರ್‌ನ ಕಾಂಟ್ಯಾಕ್ಟರ್ (ಒಳಗಿನ ದೊಡ್ಡ ಸ್ವಿಚ್) ಎಬ್ಬಿಸುವ ಗದ್ದಲ. ಒಂದು ಸಣ್ಣ ಕುಣಿತವನ್ನೂ ಯುನೊ ಸ್ಟಾರ್ಟ್ ಬಿಟ್ ಅಂದುಕೊಳ್ಳುತ್ತದೆ. ಕೇಬಲ್ಲನ್ನು ದೂರ ಸರಿಸುವುದು, ಕಾಂಟ್ಯಾಕ್ಟರ್ ಕಾಯಿಲ್‌ಗೆ ಅಡ್ಡವಾಗಿ ಗದ್ದಲ ಅಡಗಿಸುವ ಸ್ನಬ್ಬರ್ ಹಾಕಿಸುವುದು ಒಂದು ದಾರಿ. ಉತ್ತರವನ್ನೇ ಗಟ್ಟಿ ಮಾಡುವುದು ಇನ್ನೊಂದು ದಾರಿ. ಈಗ ಎಟಿಟೈನಿ ಒಂದು ಅಂಕೆಯ ಬದಲು ಮೂರು ಬೈಟ್ ಕಳಿಸುತ್ತದೆ. ಮೊದಲು ಒಂದು ಗುರುತಿನ ಬೈಟ್, ಆಮೇಲೆ ಅಂಕೆ, ಆಮೇಲೆ ಅದೇ ಅಂಕೆಯ ಎಲ್ಲ ಬಿಟ್ ತಿರುವಿಹಾಕಿದ ಬೈಟ್. ಮೂರೂ ತಾಳೆಯಾಗದಿದ್ದರೆ ಯುನೊ ಅದನ್ನು ನಂಬುವುದಿಲ್ಲ, ಮತ್ತೆ ಕೇಳುತ್ತದೆ.

ಇಲ್ಲಿ ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. 100 ಮಿಲಿಸೆಕೆಂಡ್ ಒಳಗೆ ಉತ್ತರ ಬರದಿದ್ದರೆ ಯುನೊ ಮತ್ತೆ ಕೇಳಬೇಕು. ಐದು ಸಲ ಕೇಳಿಯೂ ಸರಿಯಾದ ಉತ್ತರ ಬರದಿದ್ದರೆ ಮೋಟರ್ ನಿಲ್ಲಬೇಕು. ಹಳೆಯ ಅಂಕೆಯನ್ನು ನೆಚ್ಚಿಕೊಂಡು ಮೋಟರ್ ಓಡುತ್ತಲೇ ಇದ್ದರೆ ಟ್ಯಾಂಕ್ ತುಂಬಿ ನೀರು ಹರಿದುಹೋಗುತ್ತದೆ. ಸಂಪ್ ಬರಿದಾದರೆ ಮೋಟರ್ ಸುಟ್ಟುಹೋಗುತ್ತದೆ. ಸಂಪರ್ಕ ಕೆಟ್ಟರೆ ಮೋಟರ್ ಯಾವ ಸ್ಥಿತಿಯಲ್ಲಿ ಇರಬೇಕು ಅನ್ನುವುದನ್ನು ಪ್ರೋಗ್ರಾಮ್‌ನ ಮೊದಲ ಸಾಲಿನಲ್ಲೇ ತೀರ್ಮಾನಿಸಿ. ಕೇಬಲ್ಲನ್ನು ಕೈಯಾರೆ ಕಿತ್ತು, ಮೋಟರ್ ನಿಲ್ಲುತ್ತದೆಯೇ ಅಂತ ನೋಡಿದ ಮೇಲೇ ಪೆಟ್ಟಿಗೆ ಮುಚ್ಚಿ.

ಮಳೆಗಾಲದಲ್ಲಿ ಬಂದ ದೋಷ

ಎಲ್ಲ ಸರಿಯಾಗಿ ತಿಂಗಳುಗಳೇ ಕಳೆದ ಮೇಲೆ, ಮಳೆ ಹಿಡಿದ ದಿನಗಳಲ್ಲಿ ಮಾತ್ರ ಸಂಪರ್ಕ ತಪ್ಪತೊಡಗಿತು. ಬಿಸಿಲು ಬಂದರೆ ತಾನಾಗಿ ಸರಿ. ಸುಮ್ಮನಿರುವ ತಂತಿಯನ್ನು ಅಳೆದರೆ 5 ವೋಲ್ಟ್ ಇರಬೇಕಾದ ಕಡೆ 3.4. ಮಾರನೇ ದಿನ ಜೋರು ಮಳೆಯಲ್ಲಿ 2.6. ಪ್ರೋಗ್ರಾಮ್ ತೆರೆಯಲೇ ಇಲ್ಲ, ನೇರ ಟೆರೇಸ್‌ಗೆ ಹೋದೆ.

ಟ್ಯಾಂಕ್ ಪಕ್ಕದ ಜಾಯಿಂಟ್‌ಗೆ ಬರೀ ಇನ್ಸುಲೇಷನ್ ಟೇಪ್ ಸುತ್ತಿದ್ದೆ. ಬಿಸಿಲಿಗೆ ಅದರ ಅಂಟು ಬಿಟ್ಟು ಒಳಗೆ ನೀರು ಸೇರಿತ್ತು. ತಾಮ್ರ ಹಸಿರುಗಟ್ಟಿತ್ತು. ಸಿಗ್ನಲ್ ಎಳೆಯಿಂದ ಗ್ರೌಂಡ್ ಎಳೆಗೆ ನೀರಿನ ಮೂಲಕ ಸೋರಿಕೆ. 4.7 ಕಿಲೋ ಓಮ್ ಪುಲ್‌ಅಪ್ ಇರುವಾಗ ಸೋರಿಕೆ 10 ಕಿಲೋ ಓಮ್ ಆದರೆ ತಂತಿ 3.4 ವೋಲ್ಟಿಗೆ ಇಳಿಯುತ್ತದೆ, 5 ಕಿಲೋ ಓಮ್ ಆದರೆ 2.6ಕ್ಕೆ. ಬೇಕಿರುವ 3 ವೋಲ್ಟ್ ಇವೆರಡರ ನಡುವೆ ಇದೆ. ಒಂದು ದಿನ ನಡೆದು ಮಾರನೇ ದಿನ ನಿಂತದ್ದು ಅದಕ್ಕೇ.

ಹಸಿರುಗಟ್ಟಿದ ಭಾಗ ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಪ್ರತಿ ಎಳೆಗೂ ಬೇರೆ ಬೇರೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಪೆಟ್ಟಿಗೆಯೊಳಗೆ ಕೇಬಲ್ ಕೆಳಗಿನಿಂದ ಹೋಗುವಂತೆ, ಅದಕ್ಕೂ ಮುಂಚೆ ಒಂದು ಬಾಗು ಕೆಳಗೆ ಇಳಿಯುವಂತೆ ಕಟ್ಟಿದೆ. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರ್ ಪೆನ್ನಿನಲ್ಲಿ ನಾಲ್ಕು ಅಂಕೆ ಬರೆದಿಟ್ಟಿದ್ದೇನೆ: ಸುಮ್ಮನಿದ್ದಾಗ 5, ಮೇಲಿನ ಚಿಪ್ ಎಳೆದಾಗ 0.33, ಕೆಳಗಿನದು ಎಳೆದಾಗ 0.94, ಯು ಕಳಿಸುವಾಗ 4800. ಮುಂದಿನ ಸಲ ಮುಚ್ಚಳ ತೆರೆಯುವವರು ಮನೆಯ ಬೇರೆ ಯಾರೇ ಆಗಿದ್ದರೂ, ಮೀಟರ್ ಹಿಡಿದು ಅಲ್ಲಿಂದಲೇ ಶುರು ಮಾಡಬಹುದು.